ಕಾರಿನ ವಿದ್ಯುತ್ ಚಾಲಿತ ಪಕ್ಕದ ಕನ್ನಡಿ ಕೈಕೊಟ್ಟಾಗ: ಕಬ್ಬಿನ ಸೀಮೆಯ ಚಾಲಕರು ತಿಳಿಯಬೇಕಾದದ್ದು

ಗೋಕಾಕ: ಘಟಪ್ರಭಾ ಕಾಲುವೆಗಳ ನೀರು ಹರಿಯುವ ಹುಕ್ಕೇರಿ, ಗೋಕಾಕ ಹಾಗೂ ಮೂಡಲಗಿ ತಾಲೂಕುಗಳಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಎರಡೆರಡು ಟ್ರೇಲರ್‌ಗಳನ್ನು ಎಳೆದುಕೊಂಡು ಸಾಗುವ ಟ್ರ್ಯಾಕ್ಟರ್‌ಗಳು, ಅವುಗಳ ಎರಡೂ ಮಗ್ಗುಲಿಗೆ ಚಾಚಿಕೊಂಡ ಕಬ್ಬಿನ ಗಳಗಳು, ಅಂಚಿನಲ್ಲಿ ಎತ್ತಿನ ಗಾಡಿ, ನಡುವೆ ನುಸುಳುವ ಬೈಕುಗಳು. ಸಂಕೇಶ್ವರದಿಂದ ಹುಕ್ಕೇರಿ, ಘಟಪ್ರಭಾ, ಗೋಕಾಕ ಮಾರ್ಗವಾಗಿ ಯರಗಟ್ಟಿಗೆ ಸಾಗುವ ರಸ್ತೆಯಲ್ಲಿ ಆ ದಿನಗಳಲ್ಲಿ ಕಾರು ಓಡಿಸಿದವರಿಗೆ ಈ ನೋಟ ಹೊಸದಲ್ಲ. ಈ ಹಾದಿಯಲ್ಲಿ ಕಾರಿನ ಮೊದಲ ಪೆಟ್ಟು ಬೀಳುವುದು ಬಹುತೇಕ ಪಕ್ಕದ ಕನ್ನಡಿಗೆ. ಎದುರಿನಿಂದ ಬರುವ ಟ್ರೇಲರ್‌ನ ಕಬ್ಬು ಬಲಗನ್ನಡಿಯನ್ನು ಸವರಿದರೆ, ಮುಂದಿನ ಟ್ರೇಲರನ್ನು ದಾಟುವಾಗ ಅದರ ಹೊರಚಾಚಿದ ಗಳ ಎಡಗನ್ನಡಿಗೆ ಬಡಿಯುತ್ತದೆ.

ಪೆಟ್ಟು ಬಿದ್ದು ಗಾಜು ಒಡೆದರೆ ಅದು ಕಣ್ಣಿಗೆ ಕಾಣುತ್ತದೆ, ಮಾಲೀಕರು ಗ್ಯಾರೇಜಿಗೆ ಧಾವಿಸುತ್ತಾರೆ. ಗಾಜು ಒಡೆಯದೆ, ಗುಂಡಿ ಒತ್ತಿದರೂ ಅಲುಗದೆ ಕನ್ನಡಿ ಆಕಾಶವನ್ನೋ ನೆಲವನ್ನೋ ನೋಡುತ್ತ ನಿಂತುಬಿಟ್ಟರೆ ತಿಂಗಳುಗಟ್ಟಲೆ ಹಾಗೆಯೇ ಓಡಿಸುವವರು ಹೆಚ್ಚು. ಅಪಾಯವಿರುವುದು ಇಲ್ಲಿಯೇ. ಎರಡು ಟ್ರೇಲರ್‌ಗಳ ಉದ್ದವನ್ನು ದಾಟಿ ಮತ್ತೆ ಎಡಕ್ಕೆ ಹೊರಳುವಾಗ, ಆ ಜಾಗ ಖಾಲಿಯಿದೆಯೇ, ಟ್ರ್ಯಾಕ್ಟರ್‌ನ ಮುಂಭಾಗ ನಿಜವಾಗಿಯೂ ಹಿಂದೆ ಉಳಿದಿದೆಯೇ ಎಂಬುದನ್ನು ತಿಳಿಸುವ ಸಾಧನ ಎಡಗನ್ನಡಿಯೊಂದೇ. ಒಳಗಿನ ಕನ್ನಡಿಯಲ್ಲಿ ಆ ಮೂಲೆ ಕಾಣುವುದಿಲ್ಲ. ರಾತ್ರಿ ವೇಳೆ ದೀಪವಿಲ್ಲದ ಬೈಕೊಂದು ಆ ಮೂಲೆಯಲ್ಲಿದ್ದರೆ ಹೇಳುವುದೇ ಬೇಡ. ಹತ್ತರಗಿ, ಯಮಕನಮರಡಿಯ ಬಳಿ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯನ್ನು ಸೇರುವವರಿಗಂತೂ ಹಿಂದಿನಿಂದ ನುಗ್ಗಿ ಬರುವ ವಾಹನಗಳ ವೇಗವನ್ನು ಅಳೆಯಲು ಬಲಗನ್ನಡಿ ಸರಿಯಿರಲೇಬೇಕು.

ಎಡಗನ್ನಡಿಯನ್ನು ಅಲಂಕಾರವೆಂದು ಬಗೆದ ಕಾಲವೂ ನಮ್ಮಲ್ಲಿತ್ತು. 2009ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನ್ಯಾನೋದ ಅಗ್ಗದ ಮಾದರಿಗೆ ಚಾಲಕನ ಕಡೆಯ ಕನ್ನಡಿ ಮಾತ್ರವೇ ಇತ್ತು. ಇಂದು ಸಾಧಾರಣ ಬೆಲೆಯ ಕಾರುಗಳಲ್ಲಿಯೂ ಎರಡು ಕನ್ನಡಿಗಳು, ಅವುಗಳೊಳಗೆ ಮೋಟಾರುಗಳು, ತಿರುವಿನ ಸೂಚಕ ದೀಪ, ಬೀಗ ಹಾಕಿದೊಡನೆ ಮಡಚಿಕೊಳ್ಳುವ ವ್ಯವಸ್ಥೆ ಎಲ್ಲವೂ ಬಂದಿವೆ. ಸೌಕರ್ಯ ಹೆಚ್ಚಿದಂತೆ ಕೆಡುವ ಜಾಗಗಳೂ ಹೆಚ್ಚಿವೆ. ಆದರೆ ದೋಷ ಎಲ್ಲಿದೆ ಎಂದು ಹುಡುಕುವುದು ಅನೇಕರು ಭಾವಿಸಿರುವಷ್ಟು ಕಠಿಣವಲ್ಲ. ಇಡೀ ಕನ್ನಡಿಯ ಜೋಡಣೆಯನ್ನೇ ಬದಲಾಯಿಸಬೇಕೆಂದು ಹೇಳಿ ಸಾವಿರಾರು ರೂಪಾಯಿಯ ಪಟ್ಟಿ ಕೊಡುವ ಮುನ್ನ ಒಂದು ತುಂಡು ತಂತಿಯ ಪ್ರಶ್ನೆಯೇ ಎಂಬುದನ್ನು ಪರಿಶೀಲಿಸಿಕೊಳ್ಳುವುದು ಲೇಸು.

ಒಳಗೇನಿದೆ?

ಗಾಜಿನ ಹಿಂಬದಿಯಲ್ಲಿ ಬೆರಳಿನ ಗಾತ್ರದ ಎರಡು ಡಿ.ಸಿ. ಮೋಟಾರುಗಳಿರುತ್ತವೆ. ಒಂದು ಗಾಜನ್ನು ಮೇಲೆ-ಕೆಳಗೆ, ಇನ್ನೊಂದು ಎಡ-ಬಲಕ್ಕೆ ಓಲಿಸುತ್ತದೆ. ಮೋಟಾರಿನ ವೇಗವನ್ನು ಪ್ಲಾಸ್ಟಿಕ್ಕಿನ ಹಲ್ಲುಚಕ್ರಗಳು ತಗ್ಗಿಸಿ ಬಲವನ್ನು ಹೆಚ್ಚಿಸುತ್ತವೆ. ಗಾಜು ಅಂಚಿಗೆ ತಲುಪಿದ ಮೇಲೂ ಗುಂಡಿ ಒತ್ತಿಯೇ ಇದ್ದರೆ 'ಟಕ್ ಟಕ್' ಎಂಬ ಸದ್ದು ಬರುತ್ತದೆ. ಇದು ರೋಗವಲ್ಲ, ಮೋಟಾರು ಸುಡದಿರಲೆಂದು ಜಾರಿಕೊಳ್ಳುವ ಕ್ಲಚ್ಚಿನ ಸದ್ದು. ಕನ್ನಡಿ ತಾನೇ ಮಡಚಿಕೊಳ್ಳುವ ಕಾರುಗಳಲ್ಲಿ ಬುಡದಲ್ಲಿ ಮೂರನೆಯ ಮೋಟಾರು ಇರುತ್ತದೆ.

ಹಳೆಯ ಹಾಗೂ ಸರಳ ವಿನ್ಯಾಸದ ಕಾರುಗಳಲ್ಲಿ ಗಾಜಿನ ಚಲನೆಗೆ ಪ್ರತಿ ಕನ್ನಡಿಗೆ ಮೂರೇ ತಂತಿ ಸಾಕು: ಮೇಲೆ-ಕೆಳಗಿನ ಮೋಟಾರಿಗೊಂದು, ಎಡ-ಬಲದ ಮೋಟಾರಿಗೊಂದು, ಎರಡಕ್ಕೂ ಸಮಾನವಾದ ಮತ್ತೊಂದು. ಚಾಲಕನ ಬಾಗಿಲಿನ ಅಥವಾ ಡ್ಯಾಶ್‌ಬೋರ್ಡಿನ ಸ್ವಿಚ್ಚು ಈ ತಂತಿಗಳಲ್ಲಿ ಧನ-ಋಣಗಳನ್ನು ಅದಲುಬದಲು ಮಾಡುತ್ತದೆ. ವಿದ್ಯುತ್ತು ಒಂದು ದಿಕ್ಕಿಗೆ ಹರಿದರೆ ಗಾಜು ಮೇಲಕ್ಕೆ, ತಿರುಗಿಸಿ ಹರಿಸಿದರೆ ಕೆಳಕ್ಕೆ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನ ಪರಿಶೀಲನೆ ಅರ್ಥವಾಗುತ್ತದೆ.

ಮೊದಲು ಲಕ್ಷಣ, ನಂತರ ಸ್ಕ್ರೂಡ್ರೈವರ್

ಕೀಲಿಯನ್ನು ತಿರುಗಿಸದೆ ಗುಂಡಿ ಒತ್ತಿ 'ಕೆಟ್ಟಿದೆ' ಎನ್ನುವವರಿದ್ದಾರೆ. ಬಹುತೇಕ ಕಾರುಗಳಲ್ಲಿ ಕೀಲಿ ಕನಿಷ್ಠ ಒಂದು ಹಂತ ತಿರುಗಿದ ಮೇಲಷ್ಟೇ ಈ ಸ್ವಿಚ್ಚಿಗೆ ವಿದ್ಯುತ್ತು ದೊರೆಯುತ್ತದೆ. ಎಡ-ಬಲ ಕನ್ನಡಿಗಳನ್ನು ಆಯ್ಕೆ ಮಾಡುವ ಗುಂಡಿ ನಡುವಿನ ಸ್ಥಾನದಲ್ಲಿದ್ದರೆ ಎರಡೂ ಕನ್ನಡಿಗಳು ಅಲುಗುವುದಿಲ್ಲ. ಹಾಗೆಯೇ ಇರಬೇಕೆಂದು ತಯಾರಕರೇ ಮಾಡಿರುತ್ತಾರೆ. ಈ ಎರಡು ಕಾರಣಗಳಿಗೇ ಗ್ಯಾರೇಜಿನ ಮೆಟ್ಟಿಲೇರಿದ ಕಾರುಗಳು ಕಡಿಮೆಯಿಲ್ಲವೆಂದರೆ ಓದುಗರು ನಗಬಾರದು.

ಇಷ್ಟು ಖಚಿತವಾದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ: ಎರಡೂ ಕನ್ನಡಿಗಳು ಸತ್ತಿವೆಯೇ, ಒಂದು ಮಾತ್ರವೇ? ಎರಡೂ ಒಮ್ಮೆಗೇ ನಿಂತಿದ್ದರೆ ಎರಡು ಕನ್ನಡಿಗಳ ಮೋಟಾರುಗಳೂ ಅದೇ ದಿನ ಸುಟ್ಟಿರುವ ಸಂಭವ ಅತಿ ವಿರಳ. ದೋಷ ಅವೆರಡಕ್ಕೂ ಸಾಮಾನ್ಯವಾದ ಜಾಗದಲ್ಲಿ, ಅಂದರೆ ಫ್ಯೂಸು, ಸ್ವಿಚ್ಚು ಅಥವಾ ಸ್ವಿಚ್ಚಿಗೆ ಬರುವ ತಂತಿಯಲ್ಲಿದೆ. ಒಂದೇ ಕನ್ನಡಿ ಯಾವ ದಿಕ್ಕಿಗೂ ಚಲಿಸದಿದ್ದರೆ ಆ ಬಾಗಿಲಿಗೆ ಹೋಗುವ ತಂತಿಯ ಮೇಲೆ ಸಂಶಯ ಪಡಬೇಕು. ಒಂದು ಕನ್ನಡಿ ಮೇಲೆ-ಕೆಳಗೆ ಚಲಿಸಿ ಎಡ-ಬಲಕ್ಕೆ ಮಾತ್ರ ಚಲಿಸದಿದ್ದರೆ ಆ ಒಂದು ಮೋಟಾರು, ಅದರ ತಂತಿ ಅಥವಾ ಸ್ವಿಚ್ಚಿನೊಳಗಿನ ಅದರ ಸಂಪರ್ಕ ಕೆಟ್ಟಿದೆ. ಮೇಲಕ್ಕೆ ಒತ್ತಿದರೆ ಗಾಜು ಓರೆಯಾಗಿ, ನಿಧಾನವಾಗಿ, ಹುಚ್ಚು ಹುಚ್ಚಾಗಿ ಚಲಿಸುತ್ತಿದ್ದರೆ ಎರಡು ಮೋಟಾರುಗಳಿಗೂ ಸಮಾನವಾದ ತಂತಿ ತುಂಡಾಗಿ, ವಿದ್ಯುತ್ತು ಒಂದರ ಮೂಲಕ ಇನ್ನೊಂದಕ್ಕೆ ಹರಿಯುತ್ತಿರುವ ಸಾಧ್ಯತೆಯಿದೆ.

ಇನ್ನು ಕಿವಿಯ ಕೆಲಸ. ಸದ್ದಿಲ್ಲದ ಜಾಗದಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಒಬ್ಬರು ಗುಂಡಿ ಒತ್ತುವಾಗ ಇನ್ನೊಬ್ಬರು ಕನ್ನಡಿಯ ಕವಚಕ್ಕೆ ಕಿವಿಗೊಡಬೇಕು. ಮೋಟಾರು ಗುಂಯ್‌ಗುಟ್ಟಿಯೂ ಗಾಜು ಅಲುಗದಿದ್ದರೆ ವಿದ್ಯುತ್ತಿನ ದೋಷವಿಲ್ಲ. ಹಲ್ಲುಚಕ್ರ ಸವೆದಿದೆ ಅಥವಾ ಗಾಜು ತನ್ನ ಕೊಂಡಿಯಿಂದ ಕಳಚಿದೆ ಎಂದರ್ಥ. ಸದ್ದೇ ಇಲ್ಲದಿದ್ದರೆ ತಂತಿಯ ಹಾದಿ ಹಿಡಿಯಬೇಕು.

ಫ್ಯೂಸು

ಅನೇಕ ಕಾರುಗಳಲ್ಲಿ ಪಕ್ಕದ ಕನ್ನಡಿಯ ಫ್ಯೂಸು ಪ್ರತ್ಯೇಕವಾಗಿರದೆ ಮೊಬೈಲ್ ಚಾರ್ಜು ಮಾಡುವ 12 ವೋಲ್ಟ್ ಸಾಕೆಟ್ಟಿಗೋ ಆಡಿಯೋ ವ್ಯವಸ್ಥೆಗೋ ಸೇರಿಕೊಂಡಿರುತ್ತದೆ. ಸಂತೆಯಲ್ಲಿ ಕೊಂಡ ಅಗ್ಗದ ಚಾರ್ಜರ್ ಸಾಕೆಟ್ಟಿನಲ್ಲಿ ಶಾರ್ಟ್ ಆದರೆ ಕನ್ನಡಿಯೂ ನಿಲ್ಲುವುದು ಹೀಗೆ. ಎರಡೂ ಒಟ್ಟಿಗೆ ಸತ್ತಿವೆಯೇ ಎಂದು ನೋಡಿದರೆ ಅರ್ಧ ಕೆಲಸ ಮುಗಿದಂತೆ. ಫ್ಯೂಸು ಪೆಟ್ಟಿಗೆ ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಕೆಳಗಿರುತ್ತದೆ. ಯಾವುದು ಯಾವುದಕ್ಕೆಂದು ಅದರ ಮುಚ್ಚಳದ ಮೇಲೆ ಅಥವಾ ಕೈಪಿಡಿಯಲ್ಲಿ ಚಿತ್ರವಿರುತ್ತದೆ. ಕೆಂಪು ಬಣ್ಣದ್ದು 10 ಆಂಪಿಯರ್, ನೀಲಿ 15, ಹಳದಿ 20. ಅದೇ ಬಣ್ಣದ್ದನ್ನೇ ಹಾಕಬೇಕು. ಬೀಡಿ ಪೊಟ್ಟಣದ ಬೇಗಡೆ ಸುತ್ತುವುದು, ತಂತಿಯ ಎಳೆ ಕಟ್ಟುವುದು ಕಾರಿಗೆ ಬೆಂಕಿ ಹಚ್ಚುವ ಖಚಿತ ಮಾರ್ಗ. ಹೊಸ ಫ್ಯೂಸು ಹಾಕಿದ ಕೂಡಲೇ ಮತ್ತೆ ಹೋದರೆ ಮೂರನೆಯದನ್ನು ಹಾಕುವ ಅಗತ್ಯವಿಲ್ಲ. ಎಲ್ಲಿಯೋ ತಂತಿಯ ಹೊದಿಕೆ ಸುಲಿದು ಲೋಹಕ್ಕೆ ತಾಗುತ್ತಿದೆ.

ಬಾಗಿಲ ಸಂದಿನ ರಬ್ಬರು ನಳಿಗೆ

ಅನುಭವಿ ಮಿಸ್ತ್ರಿಗಳು ಮೊದಲು ಕೈಹಾಕುವುದು ಇಲ್ಲಿಗೆ. ಬಾಗಿಲನ್ನು ಪೂರ್ತಿ ತೆರೆದರೆ ತಿರುಗಣಿಗಳ ನಡುವೆ ಆನೆಯ ಸೊಂಡಿಲಿನಂಥ ಸುಕ್ಕುಗಟ್ಟಿದ ರಬ್ಬರು ನಳಿಗೆಯೊಂದು ಕಾಣುತ್ತದೆ. ಬಾಗಿಲಿಗೆ ಹೋಗುವ ತಂತಿಗಳೆಲ್ಲ ಅದರೊಳಗೆ. ಪ್ರತಿ ಬಾರಿ ಬಾಗಿಲು ತೆರೆದು ಮುಚ್ಚಿದಾಗ ಆ ತಂತಿಗಳು ಅದೇ ಜಾಗದಲ್ಲಿ ಬಾಗಿ ನೇರವಾಗುತ್ತವೆ. ದಿನಕ್ಕೆ ಇಪ್ಪತ್ತು ಬಾರಿ ತೆರೆಯುವ ಬಾಗಿಲು ವರ್ಷಕ್ಕೆ ಏಳು ಸಾವಿರಕ್ಕೂ ಹೆಚ್ಚು ಬಾರಿ ಅವನ್ನು ಬಗ್ಗಿಸುತ್ತದೆ. ಏಳೆಂಟು ವರ್ಷಗಳಲ್ಲಿ ತಾಮ್ರದ ಎಳೆಗಳು ಒಂದೊಂದಾಗಿ ಮುರಿದು, ಹೊರಗಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಹೊರನೋಟಕ್ಕೆ ತಂತಿ ಸರಿಯಾಗಿಯೇ ಇರುತ್ತದೆ. ಮೂಡಲಗಿ ಕಡೆಯ ಎರೆಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಧೂಳು ಈ ಸುಕ್ಕುಗಳಲ್ಲಿ ತುಂಬಿ, ಮೊದಲ ಮಳೆಗೆ ಕೆಸರಾಗಿ, ಮತ್ತೆ ಒಣಗಿ ರಬ್ಬರನ್ನು ಬಿರುಸುಗೊಳಿಸುವುದೂ ಉಂಟು. ಬಿರುಸಾದ ನಳಿಗೆ ಬೇಗ ಸೀಳುತ್ತದೆ.

ಇದನ್ನು ಕಂಡುಹಿಡಿಯಲು ಯಾವ ಉಪಕರಣವೂ ಬೇಡ. ಕನ್ನಡಿಯ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಬಾಗಿಲನ್ನು ಮೆಲ್ಲಗೆ ತೆರೆದು ಮುಚ್ಚಬೇಕು. ಯಾವುದೋ ಒಂದು ಕೋನದಲ್ಲಿ ಕನ್ನಡಿ ಒಮ್ಮೆ ಬೆಚ್ಚಿಬಿದ್ದಂತೆ ಅಲುಗಿದರೆ ದೋಷ ಸಿಕ್ಕಿತು. ಅದೇ ಬಾಗಿಲಿನ ಪವರ್ ವಿಂಡೋ, ಸೆಂಟ್ರಲ್ ಲಾಕ್ ಅಥವಾ ಸ್ಪೀಕರ್ ಕೂಡ ಆಗಾಗ ಕೈಕೊಡುತ್ತಿದ್ದರೆ ಸಂಶಯ ಮತ್ತಷ್ಟು ಗಟ್ಟಿಯಾಗುತ್ತದೆ.

ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಸ್ವಿಚ್ಚು ಚಾಲಕನ ಬಾಗಿಲಿನಲ್ಲಿದ್ದರೆ ಎಡಗನ್ನಡಿಯ ತಂತಿಗಳು ಎರಡು ಸಂದುಗಳನ್ನು ದಾಟುತ್ತವೆ: ಬಲಬಾಗಿಲಿನಿಂದ ಕಾರಿನ ಒಡಲಿಗೆ, ಅಲ್ಲಿಂದ ಎಡಬಾಗಿಲಿಗೆ. ಹೆಚ್ಚು ಬಾರಿ ತೆರೆಯುವುದು ಚಾಲಕನ ಬಾಗಿಲಾದ್ದರಿಂದ ಎಡಗನ್ನಡಿಯ ತಂತಿ ಬಲಬಾಗಿಲ ಸಂದಿನಲ್ಲಿ ತುಂಡಾಗಿರುವುದು ಅಪರೂಪವಲ್ಲ. ಎಡಬಾಗಿಲನ್ನೆಲ್ಲ ಬಿಚ್ಚಿ ಏನೂ ಸಿಗದೆ, ಕೊನೆಗೆ ಕನ್ನಡಿಯನ್ನೇ ಬದಲಿಸಿದರೂ ಅದು ಅಲುಗದೆ ಹೋಗುವ ಪ್ರಸಂಗಗಳ ಗುಟ್ಟು ಇದೇ.

ತುಂಡಾದ ತಂತಿಯ ಎರಡು ತುದಿಗಳನ್ನು ಹೊಸೆದು ಟೇಪು ಸುತ್ತಿದರೆ ಅದು ಮುಂದಿನ ಹಂಗಾಮಿನವರೆಗೆ ಬಾಳುವುದಿಲ್ಲ. ಬಾಗುವ ಭಾಗದಲ್ಲಿ ಬೆಸುಗೆ ಇರಲೇಬಾರದು. ದಣಿದ ಭಾಗವನ್ನು ಪೂರ್ತಿಯಾಗಿ ಕತ್ತರಿಸಿ, ಅದೇ ದಪ್ಪದ, ತೆಳು ಎಳೆಗಳುಳ್ಳ ಮೆತ್ತನೆಯ ತಂತಿಯನ್ನು ಜೋಡಿಸಿ, ಬೆಸುಗೆಗಳನ್ನು ನಳಿಗೆಯ ಆಚೆ-ಈಚೆ ತಂದು, ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಬೇಕು. ಎಲ್ಲ ಬೆಸುಗೆಗಳೂ ಒಂದೇ ಜಾಗದಲ್ಲಿ ಗಂಟಾಗದಂತೆ ಹಿಂದೆ-ಮುಂದೆ ಇರಲಿ. ಕೊನೆಗೆ ರಬ್ಬರು ನಳಿಗೆಯ ಬಾಯಿ ಕೂತಿರುವುದನ್ನು ನೋಡಿಯೇ ಕಾರು ಪಡೆಯಬೇಕು. ಅದು ಬಾಯಿಬಿಟ್ಟಿದ್ದರೆ ಮಳೆನೀರು ಬಾಗಿಲೊಳಗೆ ಇಳಿಯುತ್ತದೆ. ಕಬ್ಬಿನ ಹೊಲದ ಬದಿಯಲ್ಲಿ ಕಾರು ನಿಲ್ಲಿಸುವ ರೈತ ಕುಟುಂಬಗಳು ಇಲಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಟಾವಿನ ವೇಳೆ ನೆಲೆ ತಪ್ಪಿದ ಇಲಿಗಳಿಗೆ ಬೆಚ್ಚನೆಯ ಇಂಜಿನ್ ಕೋಣೆ ಹಾಗೂ ಡ್ಯಾಶ್‌ಬೋರ್ಡಿನ ಅಡಿ ಒಳ್ಳೆಯ ಬಿಡಾರ, ತಂತಿಗಳು ಹಲ್ಲು ಮಸೆಯುವ ಸಾಧನ.

ಸ್ವಿಚ್ಚು, ಮೀಟರು, ಸಣ್ಣ ಬಲ್ಬು

ಸಂದು ಸರಿಯಾಗಿದ್ದರೆ ಬಾಗಿಲಿನ ಒಳಹೊದಿಕೆ ತೆಗೆಯಬೇಕಾಗುತ್ತದೆ. ಬಾಗಿಲಿನಲ್ಲಿ ಪಕ್ಕದ ಏರ್‌ಬ್ಯಾಗಿನ ಸಂವೇದಕಗಳಿರುವ ಕಾರುಗಳಲ್ಲಿ ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಕೆಲವು ನಿಮಿಷ ಕಾದು, ಹಳದಿ ಬಣ್ಣದ ಕನೆಕ್ಟರುಗಳನ್ನು ಮುಟ್ಟದೆ ಹೊದಿಕೆ ತೆಗೆಯಬೇಕು. ಬ್ಯಾಟರಿಯನ್ನು ಮತ್ತೆ ಜೋಡಿಸಿದ ಮೇಲೆ ಕನ್ನಡಿಯ ಬುಡದ ಕನೆಕ್ಟರನ್ನು ಕಳಚಿ, ಇನ್ನೊಬ್ಬರಿಂದ ಗುಂಡಿ ಒತ್ತಿಸಿ, ಮೀಟರಿನಿಂದ ಸಂಬಂಧಿಸಿದ ಎರಡು ತಂತಿಗಳ ನಡುವೆ ಅಳೆಯಬೇಕು. ಸುಮಾರು 12 ವೋಲ್ಟ್ ತೋರಿಸಿ, ವಿರುದ್ಧ ದಿಕ್ಕಿಗೆ ಒತ್ತಿದಾಗ ಋಣಚಿಹ್ನೆಯೊಂದಿಗೆ ಅಷ್ಟೇ ತೋರಿಸಿದರೆ ಇಲ್ಲಿಯವರೆಗಿನದೆಲ್ಲ ಸರಿ, ದೋಷ ಕನ್ನಡಿಯೊಳಗಿದೆ. ಏನೂ ತೋರಿಸದಿದ್ದರೆ ಸ್ವಿಚ್ಚಿನ ಕಡೆಗೆ ಹಿಂದಿರುಗಬೇಕು. ಇಡೀ ಪರಿಶೀಲನೆಯ ನಿರ್ಣಾಯಕ ಘಟ್ಟ ಇದು. ಇದನ್ನು ಮಾಡದೆ ಕನ್ನಡಿ ಬದಲಿಸಲು ಹೇಳುವ ಮಿಸ್ತ್ರಿಗೆ 'ಅಳೆದು ನೋಡಿದಿರಾ?' ಎಂದು ಕೇಳುವ ಹಕ್ಕು ಮಾಲೀಕರಿಗಿದೆ.

ಮೀಟರು ಮೋಸ ಮಾಡುವ ಒಂದು ಸಂದರ್ಭವೂ ಇದೆ. ತಂತಿಯ ಎಳೆಗಳಲ್ಲಿ ಒಂದೆರಡು ಮಾತ್ರ ಉಳಿದಿದ್ದರೆ ಅಥವಾ ಸಂಪರ್ಕಕ್ಕೆ ಹಸಿರು ಕಿಲುಬು ಹಿಡಿದಿದ್ದರೆ ಮೀಟರು 12 ವೋಲ್ಟನ್ನೇ ತೋರಿಸುತ್ತದೆ, ಮೋಟಾರು ಮಾತ್ರ ತಿರುಗುವುದಿಲ್ಲ. ಮೀಟರಿಗೆ ಬೇಕಾದ ವಿದ್ಯುತ್ತು ಅತ್ಯಲ್ಪ, ಮೋಟಾರಿಗೆ ಹೆಚ್ಚು. ಆದ್ದರಿಂದ ಅದೇ ಎರಡು ತಂತಿಗಳಿಗೆ 5 ವ್ಯಾಟಿನ ಸಣ್ಣ ಬಲ್ಬು ಹಚ್ಚಿ ನೋಡಬೇಕು. ಅದು ಮಂಕಾಗಿ ಉರಿದರೆ ಹಾದಿಯಲ್ಲಿ ಅಡ್ಡಿಯಿದೆ. ಆದರೆ ಕನ್ನಡಿಗೆ ಆದೇಶಗಳು ಗಣಕ ಘಟಕದ ಮೂಲಕ ಹೋಗುವ ಹೊಸ ಕಾರುಗಳಲ್ಲಿ ಹೀಗೆ ಬಲ್ಬು ಹಚ್ಚುವ ಸಾಹಸ ಬೇಡ, ಘಟಕಕ್ಕೆ ಹಾನಿಯಾದೀತು. ಅಂಥವಕ್ಕೆ ಸ್ಕ್ಯಾನರ್ ಇರುವ ಗ್ಯಾರೇಜೇ ಸರಿ.

ಗಾಜಿನ ಹಿಂದೆ

ಮೋಟಾರು ನೋಡಲು ಗಾಜನ್ನು ಕಳಚಬೇಕು. ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಬಹುತೇಕ ಮಾದರಿಗಳಲ್ಲಿ ಗಾಜಿನ ಒಂದು ಅಂಚನ್ನು ಒಳಕ್ಕೆ ತಳ್ಳಿ, ವಿರುದ್ಧ ಅಂಚಿನಿಂದ ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿದರೆ ಕೊಂಡಿಗಳು ಬಿಡುತ್ತವೆ. ಪ್ಲಾಸ್ಟಿಕ್ ತಣ್ಣಗಿದ್ದರೆ ಮುರಿಯುತ್ತದೆ. ಬಿಸಿಲಿನಲ್ಲಿ ಅರ್ಧ ತಾಸು ನಿಲ್ಲಿಸಿದ ಕಾರಿನಲ್ಲಿ ಈ ಕೆಲಸ ಸುಲಭ. ಆ ವಿಷಯದಲ್ಲಿ ನಮ್ಮ ಸೀಮೆಗೆ ಕೊರತೆಯಿಲ್ಲ. ಮೋಟಾರಿನ ಎರಡು ತುದಿಗಳಿಗೆ 9 ವೋಲ್ಟಿನ ಚೌಕ ಬ್ಯಾಟರಿಯನ್ನು ಒಂದು ಕ್ಷಣ ಮುಟ್ಟಿಸಿದಾಗ ಅದು ತಿರುಗಿ, ತುದಿಗಳನ್ನು ಅದಲುಬದಲು ಮಾಡಿದಾಗ ಹಿಂದಕ್ಕೆ ತಿರುಗಿದರೆ ಮೋಟಾರು ಆರೋಗ್ಯವಾಗಿದೆ. ಹಲ್ಲುಚಕ್ರದ ನಡುವೆ ಕಬ್ಬಿನ ಸೋಗೆಯ ಚೂರು, ಧೂಳು ಸೇರಿದ್ದರೆ ಕುಂಚದಿಂದ ಬಿಡಿಸಬಹುದು. ಹಲ್ಲುಗಳೇ ಸವೆದಿದ್ದರೆ ಒಳಗಿನ ಯಂತ್ರಭಾಗವನ್ನು ಮಾತ್ರ ಬದಲಿಸಲು ಸಾಧ್ಯವೇ ಎಂದು ವಿಚಾರಿಸಬೇಕು. ಕೆಲವು ಮಾದರಿಗಳಿಗೆ ಅದು ಬಿಡಿಯಾಗಿ ದೊರೆಯುತ್ತದೆ, ಕೆಲವಕ್ಕೆ ಇಲ್ಲ.

ಮಡಚುವ ಕನ್ನಡಿಯದು ಬೇರೆಯೇ ಕಥೆ. ಗಳ ಬಡಿದು ಕನ್ನಡಿ ಬಲವಂತವಾಗಿ ಮಡಚಿಕೊಂಡಾಗ ಅದರ ಬುಡದ ಹಲ್ಲುಗಳು ಮೋಟಾರಿನೊಂದಿಗಿನ ಹೊಂದಾಣಿಕೆ ತಪ್ಪುತ್ತವೆ. ಆಮೇಲೆ ಅದು ಸಡಿಲವಾಗಿ ತೂಗಾಡುತ್ತದೆ, ವೇಗದಲ್ಲಿ ನಡುಗುತ್ತದೆ. ಮುರಿದಿದೆಯೆಂದು ತಿಳಿಯುವ ಮೊದಲು ಗುಂಡಿಯಿಂದಲೇ ಎರಡು ಮೂರು ಬಾರಿ ಪೂರ್ತಿ ಮಡಚಿ ಬಿಡಿಸಬೇಕು. 'ಖಟ್' ಎಂಬ ದೊಡ್ಡ ಸದ್ದಿನೊಂದಿಗೆ ಹಲ್ಲುಗಳು ಮತ್ತೆ ಕೂತು ಕನ್ನಡಿ ಬಿಗಿಯಾಗುವುದು ಸಾಮಾನ್ಯ. ವಿದ್ಯುತ್ತಿನಿಂದ ಮಡಚುವ ಕನ್ನಡಿಯನ್ನು ಮೇಲಿಂದ ಮೇಲೆ ಕೈಯಿಂದ ಮಡಚುವ ರೂಢಿಯನ್ನು ಮನೆಯ ಮಕ್ಕಳಿಗೂ ಕಾರು ತೊಳೆಯುವವರಿಗೂ ಬಿಡಿಸುವುದು ಒಳಿತು.

ನೆರೆಯ ನೀರು ಕುಡಿದ ಕಾರುಗಳು

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ನಗರದೊಳಗೆ ನೀರು ನುಗ್ಗಿದ್ದು, ಲೋಳಸೂರ ಸೇತುವೆ ಮುಳುಗಿದ್ದು ಜನ ಮರೆತಿಲ್ಲ. 2021ರ ಜುಲೈನಲ್ಲಿಯೂ ನದಿ ದಂಡೆ ಮೀರಿತು. ಬಾಗಿಲಿನ ಅರ್ಧದವರೆಗೆ ನೀರಿನಲ್ಲಿ ನಿಂತ ಕಾರುಗಳಲ್ಲಿ ಕನ್ನಡಿ ಅಂದೇ ಕೆಡುವುದಿಲ್ಲ. ತೇವವಿರುವ ಸಂಪರ್ಕದಲ್ಲಿ ವಿದ್ಯುತ್ತು ಹರಿದಂತೆ ತಾಮ್ರ ಕರಗುತ್ತ ಬಂದು, ಎರಡು ಮೂರು ತಿಂಗಳ ಬಳಿಕ ಸ್ವಿಚ್ಚು ನಿಲ್ಲುತ್ತದೆ. ಅಷ್ಟರಲ್ಲಿ ವಿಮೆಯ ಕಡತ ಮುಚ್ಚಿರುತ್ತದೆ. ಆದಕಾರಣ ನೆರೆಹಾನಿಯ ಸಮೀಕ್ಷೆಯ ದಿನವೇ ಬಾಗಿಲಿನ ಸ್ವಿಚ್ಚು, ಕನೆಕ್ಟರು, ಕನ್ನಡಿಗಳನ್ನೂ ಪಟ್ಟಿಯಲ್ಲಿ ಬರೆಯಿಸಬೇಕು, ನೀರಿನ ಗೆರೆ ಕಾಣುವಂತೆ ಛಾಯಾಚಿತ್ರ ತೆಗೆದಿರಿಸಬೇಕು. ಮೂರನೆಯ ವ್ಯಕ್ತಿಯ ವಿಮೆ ಮಾತ್ರ ಇದ್ದರೆ ಈ ಯಾವ ಹಾನಿಗೂ ಪರಿಹಾರವಿಲ್ಲ.

ಬಾಗಿಲಿನ ಕೆಳಅಂಚಿನಲ್ಲಿ ನೀರು ಬಸಿಯುವ ಸಣ್ಣ ರಂಧ್ರಗಳಿರುತ್ತವೆ. ನೆರೆಯ ಹೂಳಿನಿಂದ, ಧೂಳಿನಿಂದ ಅವು ಮುಚ್ಚಿಹೋದರೆ ಪ್ರತಿ ಮಳೆಯ ನೀರೂ ಬಾಗಿಲೊಳಗೇ ನಿಲ್ಲುತ್ತದೆ. ಜೂನ್‌ಗೆ ಮುನ್ನ ಕಡ್ಡಿಯಿಂದ ಅವನ್ನು ಬಿಡಿಸುವುದು ಐದು ನಿಮಿಷದ ಕೆಲಸ. ಕಿಲುಬು ತೆಗೆಯಲು ವಿದ್ಯುತ್ ಸಂಪರ್ಕಗಳಿಗೆಂದೇ ದೊರೆಯುವ ಸ್ಪ್ರೇ ಬಳಸಬೇಕೇ ಹೊರತು ಪೆಟ್ರೋಲು, ಸೀಮೆಎಣ್ಣೆಯನ್ನಲ್ಲ.

ಹಂಗಾಮಿನ ಪೆಟ್ಟಿಗೆ ವಿಮೆ ಕೇಳುವ ಮುನ್ನ ಲೆಕ್ಕ ಹಾಕಿ ನೋಡುವುದು ಅವಶ್ಯ. ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಮೊದಲ ವರ್ಷದ 20 ಶೇಕಡದಿಂದ ಬೆಳೆದು 50 ಶೇಕಡದವರೆಗೆ ಹೋಗುತ್ತದೆ. ಒಂದು ಕನ್ನಡಿಗಾಗಿ ಕ್ಲೇಮು ಮಾಡಿದರೆ ಅದು ಹೋಗುತ್ತದೆ. ಮೇಲಾಗಿ, ಸವಕಳಿರಹಿತ ಪಾಲಿಸಿ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆಯಷ್ಟೇ ದೊರೆಯುತ್ತದೆ. ಬಹಳಷ್ಟು ಸಲ ಕೈಯಿಂದ ಕೊಡುವುದೇ ಅಗ್ಗ.

ರಿಪೇರಿಯಾಗುವವರೆಗೆ

ಬಿಡಿಭಾಗ ಬೆಳಗಾವಿಯಿಂದ ಬರಬೇಕು, ನಾಲ್ಕು ದಿನ ತಡ ಎಂದಾಗ ಕನ್ನಡಿಯನ್ನು ತಪ್ಪು ದಿಕ್ಕಿಗೆ ಬಿಟ್ಟು ಓಡಿಸಬೇಕಿಲ್ಲ. ಗಾಜಿನ ಅಂಚನ್ನು ಅಂಗೈಯಿಂದ ಮೆಲ್ಲಗೆ, ಒಂದೇ ಬಾರಿಗೆ ಹೆಚ್ಚು ಒತ್ತದೆ ತಳ್ಳಿದರೆ ಕ್ಲಚ್ಚು ಜಾರಿ ಗಾಜು ಹೊರಳುತ್ತದೆ. ಚಾಲಕನ ಆಸನದಲ್ಲಿ ಕುಳಿತವರು ನಿರ್ದೇಶನ ನೀಡಲಿ, ಹೊರಗಿನವರು ಒತ್ತಲಿ. ಕಾರಿನ ಮಗ್ಗುಲು ಕನ್ನಡಿಯ ಒಳ ಅಂಚಿನಲ್ಲಿ ಕೂದಲೆಳೆಯಷ್ಟು ಕಾಣಬೇಕು, ದಿಗಂತ ನಡುವಿಗೆ ಬರಬೇಕು. ಪಕ್ಕದ ಕನ್ನಡಿ ಉಬ್ಬುಗಾಜಾದ್ದರಿಂದ ಅದರಲ್ಲಿ ಕಾಣುವ ವಾಹನ ನಿಜಕ್ಕೂ ಇನ್ನಷ್ಟು ಹತ್ತಿರದಲ್ಲಿರುತ್ತದೆ. ಟ್ರೇಲರ್ ದಾಟಿದ ಮೇಲೆ ಅದರ ಟ್ರ್ಯಾಕ್ಟರ್‌ನ ಎರಡೂ ದೀಪಗಳು ಒಳಗನ್ನಡಿಯಲ್ಲಿಯೂ ಕಾಣುವವರೆಗೆ ಎಡಕ್ಕೆ ಹೊರಳಬಾರದು.

ಒಡೆದ ಗಾಜಿನ ಮೇಲೆ ಅಂಗಡಿಯ ಚಪ್ಪಟೆ ಕನ್ನಡಿಯನ್ನು ಅಂಟಿಸುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಚಪ್ಪಟೆ ಗಾಜು ತೋರಿಸುವ ಹರವು ಕಿರಿದು, ಅದರ ಭಾರವೂ ಹೆಚ್ಚು. ಸಣ್ಣ ಮೋಟಾರು ಆ ಭಾರವನ್ನು ಹೊತ್ತು ಕೆಲವೇ ತಿಂಗಳಲ್ಲಿ ಹಲ್ಲು ಸವೆಸಿಕೊಳ್ಳುತ್ತದೆ. ಅದೇ ಮಾದರಿಯ ಉಬ್ಬುಗಾಜು ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲು ಕೇಳುವುದು ಸೂಕ್ತ.